ಸ್ವಪ್ರಕಾಶಿತ ಕಾದಂಬರಿಕಾರ: ತಾತ್ವಿಕ, ಆರ್ಥಿಕ ಹಾಗೂ ಮಂಚದಡಿಯ ನೆಲೆಗಳು

ಅಧ್ಯಾಯ 1: ಪೀಠಿಕೆ ಮತ್ತು ಪರಿಕಲ್ಪನಾತ್ಮಕ ಚೌಕಟ್ಟು

ತನ್ನ ಕಾದಂಬರಿಯನ್ನು ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಬಿಡುಗಡೆ ಮಾಡಿಸಿ, ಕೊನೆಗೆ ಬೇರೆ ದಾರಿ ಕಾಣದೆ ತಾನೇ ಕೊಂಡುಕೊಳ್ಳುವ ಜೀವಿಯೊಂದು ಕನ್ನಡ ಕಥನ ಪರಂಪರೆಯಲ್ಲಿ ಬಹುಕಾಲದಿಂದ ಇದೆ. ಆದಾಗ್ಯೂ ಆ ಜೀವಿಯ ಅಸ್ಮಿತೆಯ ಅನನ್ಯತೆಯನ್ನು ಬಹುಶಿಸ್ತೀಯ ಪರಿಪ್ರೇಕ್ಷ್ಯದಲ್ಲಿ ಅನುಸಂಧಾನಗೊಳಿಸಿ, ಅದರ ಸ್ಥಿತ್ಯಂತರಗಳ ತಾತ್ವಿಕತೆಯೊಂದಿಗೆ ಮುಖಾಮುಖಿಯಾಗುವ ಪ್ರಯತ್ನಗಳು ವಿರಳ. ಈ ಕೊರತೆಯನ್ನು ತುಂಬುವುದು ಪ್ರಸ್ತುತ ಅಧ್ಯಯನದ ಉದ್ದೇಶ.

ಅಧ್ಯಯನದ ವ್ಯಾಪ್ತಿ: ಬೆಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆ. ಅಧ್ಯಯನದ ಮಿತಿ: ಮಂಚದ ಕೆಳಗೆ ಇನ್ನು ಜಾಗವಿಲ್ಲ. ಪ್ರಾಥಮಿಕ ಆಕರಗಳು: ಪ್ರೆಸ್ಸಿನ ಬಿಲ್ಲುಗಳು, ಪುಸ್ತಕದಂಗಡಿಗಳ ಚಲನ್‌ಗಳು ಮತ್ತು ಮನೆಯವರ ಮೌಖಿಕ ಹೇಳಿಕೆಗಳು. ಕೊನೆಯ ಆಕರದಿಂದ ಉದ್ಧರಿಸಬಹುದಾದ ಭಾಗ ಕಡಿಮೆ.

ಪ್ರಾಕ್ಕಲ್ಪನೆ: ಒಂದು ಕನ್ನಡ ಕಾದಂಬರಿಗೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ದುಡ್ಡು ಸಲ್ಲುತ್ತದೆ, ಅದನ್ನು ಬರೆದವನೊಬ್ಬನನ್ನು ಬಿಟ್ಟು.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ಈ ಕ್ಷೇತ್ರದಲ್ಲಿ ಈಗಾಗಲೇ ನಡೆದಿರುವ ಕೆಲಸ ಸಾಕಷ್ಟಿದೆ. ಮೊದಲನೆಯ ಮಾದರಿಯನ್ನು ‘ಶಿರೋಧಾರ್ಯ ವಿತರಣಾ ವ್ಯವಸ್ಥೆ’ ಎಂದು ಕರೆಯಬಹುದು. ಪ್ರವರ್ತಕರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಈ ಮಾಸ್ತರರು ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ಯ ಸಂಪಾದಕರಾಗಿ ದುಡಿದರು, ಆಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದರು. ಅವರ ಹಾವೇರಿಯಲ್ಲೇ 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಈಗಿನ ಸಮ್ಮೇಳನಗಳಲ್ಲಿ ಗಂಟು ಇಳಿಸಬೇಕಾದರೆ ಮೊದಲು ಮಳಿಗೆಯ ಶುಲ್ಕ ಕಟ್ಟಬೇಕು. ಗಳಗನಾಥರು ಬೇಗ ಹುಟ್ಟಿದ್ದು ಒಳ್ಳೆಯದಾಯಿತು.

ಎರಡನೆಯದು ‘ಪ್ರಾಚೀನೀಕರಣ ತಂತ್ರ’. ನಂದಳಿಕೆಯ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರು. ತಾವು ಬರೆದದ್ದನ್ನು ತಮ್ಮದೆಂದು ಹೇಳಿಕೊಳ್ಳದೆ, ಯಾವನೋ ಹಳೆಯ ಕವಿಯ ಕೃತಿ ಕೈಗೆ ಸಿಕ್ಕಿತೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಗೆ ಕಳಿಸಿದರು. ವಿದ್ವಾಂಸರು ಮೆಚ್ಚಿ ಅಚ್ಚು ಹಾಕಿದರು. 1901ರಲ್ಲಿ, ಮೂವತ್ತರ ಆಸುಪಾಸಿನಲ್ಲೇ, ಕ್ಷಯ ಅವರನ್ನು ತಿಂದುಹಾಕಿತು. ಮುದ್ದಣ ಎಂದರೆ ಇವರೇ ಎಂದು ನಾಡಿಗೆಲ್ಲ ಖಚಿತವಾದದ್ದು ಅವರು ಹೋದಮೇಲೆ. ಇದರಿಂದ ಹೊರಡುವ ಸಿದ್ಧಾಂತ ಸರಳ: ನಮ್ಮ ವಿದ್ವಾಂಸರು ಒಂದು ಕೃತಿಯನ್ನು ಕೈಗೆತ್ತಿಕೊಳ್ಳಬೇಕಾದರೆ ಲೇಖಕ ಸತ್ತು ಒಂದೆರಡು ಶತಮಾನವಾಗಿರಬೇಕು. ಆಗಿರದಿದ್ದರೆ ಸತ್ತಂತೆ ನಟಿಸಬೇಕು.

ಮೂರನೆಯದು ‘ಸರ್ವಾಂಗ ಸ್ವಾವಲಂಬನೆ’. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟರು. ಜ್ಞಾನಪೀಠ ಬಂದದ್ದು 1977ರಲ್ಲಿ, ಅವರ ಎಪ್ಪತ್ತೈದರ ಹೊತ್ತಿಗೆ. ಅಲ್ಲಿಯತನಕ ತಾಳುವ ಆರೋಗ್ಯವೂ ಜಗಳಗಂಟ ಸ್ವಭಾವವೂ ಇರುವವರಿಗೆ ಈ ಮಾರ್ಗ ಸೂಕ್ತ.

ಇವೆಲ್ಲದರ ನಡುವೆ ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿ, ಚಂದಾದಾರರ ಹಣದಲ್ಲಿ ಪುಸ್ತಕ ತಂದರು. ಇನ್ನೂ ಅಚ್ಚಾಗದ ಪುಸ್ತಕಕ್ಕೆ ಓದುಗ ಮುಂಗಡವಾಗಿ ರೊಕ್ಕ ಕೊಡುತ್ತಿದ್ದ ಎಂದು ಇಂದಿನ ವಿದ್ಯಾರ್ಥಿಗಳಿಗೆ ಹೇಳಿದರೆ ಅವರು ಅದನ್ನು ಜಾನಪದ ಐತಿಹ್ಯ ಎಂದು ಟಿಪ್ಪಣಿ ಮಾಡಿಕೊಳ್ಳುತ್ತಾರೆ.

ಅಧ್ಯಾಯ 3: ಅಷ್ಟವಿಧ ಲೇಖಕಭೇದ

ಭರತನ ನಾಟ್ಯಶಾಸ್ತ್ರ ನಾಯಿಕೆಯರನ್ನು ಅವಸ್ಥೆಗೆ ತಕ್ಕಂತೆ ಎಂಟು ಬಗೆಯಾಗಿ ವಿಂಗಡಿಸುತ್ತದೆ. ನಾಯಕನ ಸ್ಥಾನದಲ್ಲಿ ಓದುಗನನ್ನು ಕೂರಿಸಿದರೆ ಈ ವರ್ಗೀಕರಣ ಸ್ವಪ್ರಕಾಶಿತ ಲೇಖಕನಿಗೆ ಒಂದಕ್ಷರದ ತಿದ್ದುಪಡಿಯೂ ಇಲ್ಲದೆ ಹೊಂದುತ್ತದೆ. ಇದನ್ನು ಈವರೆಗೆ ಯಾರೂ ಗಮನಿಸದಿರುವುದು ಸೋಜಿಗ.

3.1 ವಾಸಕಸಜ್ಜಿತ. ಪ್ರೆಸ್ಸಿನಿಂದ ಬಂಡಲು ಬರುವ ದಿನ ಬೆಳಗ್ಗೆಯೇ ಸ್ನಾನ ಮಾಡಿ, ಮನೆ ಗುಡಿಸಿ, ಬಾಗಿಲಿಗೆ ಕಣ್ಣು ನೆಟ್ಟು ಕೂತವನು. ಗೂಡ್ಸ್ ಆಟೋ ಬರುತ್ತದೆ. ಕಂದು ಕಾಗದದ ಬಂಡಲಿಗೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಅಡುಗೆಮನೆಯ ಚಾಕುವಿನಿಂದ ಕತ್ತರಿಸುತ್ತಾನೆ. ಬೈಂಡಿಂಗಿನ ಅಂಟು, ಹಸಿ ಮಸಿ, ಕಾಗದ ಮೂರೂ ಸೇರಿದ ವಾಸನೆ ಮುಖಕ್ಕೆ ಬಡಿಯುತ್ತದೆ. ಈ ಬದುಕಿನ ನಿಜವಾದ ಏರು ಇದೊಂದೇ ಆಗಿರಬಹುದು. ಅದನ್ನು ಲೇವಡಿ ಮಾಡಲು ಪ್ರಸ್ತುತ ಸಂಶೋಧಕನಿಗೆ ಮನಸ್ಸಿಲ್ಲ. ಮರುಕ್ಷಣ ಯಾವುದೋ ಪುಟ ತೆರೆಯುತ್ತಾನೆ. ಡಿಟಿಪಿಯವರು ನುಡಿಯಿಂದ ಯೂನಿಕೋಡಿಗೆ ಬದಲಿಸುವಾಗ ಅರ್ಕಾವತ್ತುಗಳು ಅಲ್ಲಲ್ಲಿ ಉದುರಿಹೋಗಿ, ಕಥಾನಾಯಕಿ ಪಾರ್ವತಿ ಪುಟಪುಟದಲ್ಲೂ ‘ಪಾವತಿ’ಯಾಗಿದ್ದಾಳೆ. ಆ ಕಾದಂಬರಿಯಿಂದ ಲೇಖಕನಿಗೆ ದಕ್ಕಿದ ಪಾವತಿ ಅಷ್ಟೇ.

3.2 ಅಭಿಸಾರಕ. ಓದುಗನನ್ನು ಹುಡುಕಿ ತಾನೇ ಹೊರಟವನು. ರಾತ್ರಿ ಬಸ್ಸು, ಹೆಗಲಲ್ಲಿ ಹಿಂದಿನ ಯಾವುದೋ ಸಮ್ಮೇಳನದ ಬಟ್ಟೆ ಚೀಲ, ಕಾಲ ಬಳಿ ರಟ್ಟಿನ ಡಬ್ಬ. ಕಂಡಕ್ಟರು ಡಬ್ಬವನ್ನು ಬೂಟಿನಿಂದ ತಟ್ಟಿ ಕೇಳುತ್ತಾನೆ: “ಏನ್ ಸಾರ್ ಇದು, ಟೈಲ್ಸಾ?”

“ಕಾದಂಬರಿ.”

“ಎಲ್ಲಾ ಒಂದೇನಾ?”

“ಒಂದೇ.”

ಆತ ಮುಖ ನೋಡಿ, ಲಗೇಜ್ ಟಿಕೆಟ್ ಹರಿಯದೆ ಮುಂದೆ ಹೋಗುತ್ತಾನೆ. ಕನ್ನಡ ಸಾಹಿತ್ಯಕ್ಕೆ ಸಾರಿಗೆ ನೌಕರರ ಕೊಡುಗೆ ಕುರಿತು ಪ್ರತ್ಯೇಕ ಅಧ್ಯಯನ ನಡೆಯಬೇಕಿದೆ.

3.3 ವಿಪ್ರಲಬ್ಧ. ಸಂಕೇತಸ್ಥಳಕ್ಕೆ ಬಂದರೂ ನಾಯಕನನ್ನು ಕಾಣದವನು. ಪುಸ್ತಕದಂಗಡಿಯ ಕೌಂಟರಿನ ಮುಂದೆ ನಿಂತಿರುತ್ತಾನೆ. ಲೆಕ್ಕ ನೋಡುವವರು ಇವತ್ತು ರಜೆ. ಮುಂದಿನ ವಾರ ಬನ್ನಿ. ಮುಂದಿನ ವಾರ ಲೆಕ್ಕ ನೋಡುವವರು ಇರುತ್ತಾರೆ, ಚೆಕ್ಕಿಗೆ ಸಹಿ ಹಾಕುವವರು ತಿರುಪತಿಗೆ ಹೋಗಿರುತ್ತಾರೆ. ಬರಿಗೈಲಿ ಕಳಿಸಬಾರದೆಂದು ಕಾಫಿ ಕುಡಿಸುತ್ತಾರೆ. ಕಾಫಿ ಚೆನ್ನಾಗಿರುತ್ತದೆ.

3.4 ಖಂಡಿತ. ನಾಯಕ ಇರುಳೆಲ್ಲ ಇನ್ನೊಬ್ಬಳ ಬಳಿಯಿದ್ದು ಮೈಮೇಲೆ ಗುರುತು ಹೊತ್ತು ಬೆಳಗ್ಗೆ ಬಂದಾಗ ಕೆರಳುವವಳು ಖಂಡಿತೆ. ಇಲ್ಲಿ ಹಾಗೆ ಬರುವುದು ಪುಸ್ತಕ. ಮಾರಾಟವಾಗಲಿಲ್ಲವೆಂದು ಅಂಗಡಿಯಿಂದ ವಾಪಸಾದ ಪ್ರತಿಗಳ ಮೂಲೆ ಮಡಿಚಿರುತ್ತದೆ, ಬೆನ್ನಿಗೆ ರಬ್ಬರ್ ಬ್ಯಾಂಡ್ ಕೊರೆದಿರುತ್ತದೆ. ಹಿಂಬದಿಯಲ್ಲಿ ‘ಮೂವತ್ತು ದಿನದಲ್ಲಿ ಷೇರು ಮಾರುಕಟ್ಟೆ’ ಎಂಬ ಬೇರೊಂದು ಪುಸ್ತಕದ ಬೆಲೆಚೀಟಿ ಅಂಟಿರುತ್ತದೆ.

3.5 ಕಲಹಾಂತರಿತ. ಇವನು ಪ್ರೆಸ್ಸಿನವನ ಜೊತೆ, ಮುಖಪುಟ ಕಲಾವಿದನ ಜೊತೆ, ಮುನ್ನುಡಿ ಬರೆಯುತ್ತೇನೆಂದು ಹಸ್ತಪ್ರತಿ ಇಟ್ಟುಕೊಂಡ ಹಿರಿಯರ ಜೊತೆ... ಸಾಕು. ಉಳಿದವರನ್ನು ಓದುಗರು ಊಹಿಸಿಕೊಳ್ಳಲಿ. ಸ್ವಾಧೀನಪತಿಕ ಎಂಬ ಬಗೆಯೊಂದಿದೆ, ಓದುಗನನ್ನು ಅಂಗೈಯಲ್ಲಿ ಇಟ್ಟುಕೊಂಡವನು. ಅವನಿಗೆ ಪ್ರಕಾಶಕರಿದ್ದಾರೆ, ಹಾಗಾಗಿ ಅವನು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಅಧ್ಯಾಯ 4: ಆರ್ಥಿಕ ಆಯಾಮ

ಸ್ವಪ್ರಕಾಶನದ ಅರ್ಥಶಾಸ್ತ್ರವನ್ನು ಈ ಕೆಳಗಿನ ಸೂತ್ರದಲ್ಲಿ ಹಿಡಿದಿಡಬಹುದು:

ಲಾ = ಮಾ × (ಬೆ − ಕ − ಮು) − (ಗೌ + ಮಂ) × ಮು − ಉ

ಇಲ್ಲಿ ಲಾ ಎಂದರೆ ಲಾಭ, ಮಾ ಮಾರಾಟವಾದ ಪ್ರತಿ, ಬೆ ಬೆಲೆ, ಕ ಕಮಿಷನ್, ಮು ಒಂದು ಪ್ರತಿಯ ಮುದ್ರಣ ವೆಚ್ಚ, ಗೌ ಗೌರವ ಪ್ರತಿ, ಮಂ ಮಂಚದಡಿಯ ಪ್ರತಿ. ಉ ಎಂದರೆ ಬಿಡುಗಡೆಯ ದಿನದ ಉಪ್ಪಿಟ್ಟು.

ಹದಿಮೂರು ಫಾರಂ, ಅಂದರೆ 208 ಪುಟದ ಒಂದು ಡೆಮಿ ಅಷ್ಟಮ ಕಾದಂಬರಿಯನ್ನು ತೆಗೆದುಕೊಳ್ಳೋಣ. ಒಂದು ಕಾಲಕ್ಕೆ ಸಾವಿರ ಪ್ರತಿ ಹಾಕಿಸುವುದು ರೂಢಿ. ಈಗ 300 ಎಂದರೇ ಪ್ರೆಸ್ಸಿನವರು “ಧೈರ್ಯ ಮಾಡಿದೀರಿ” ಎನ್ನುತ್ತಾರೆ. ಬೆಲೆ 220 ರೂಪಾಯಿ. ಅರ್ಧ ವಿತರಕರಿಗೆ ಹೋದರೆ ಉಳಿಯುವುದು 110. ಡಿಟಿಪಿ, ಮುಖಪುಟ, ಕಾಗದ, ಬೈಂಡಿಂಗ್ ಸೇರಿ ಪ್ರತಿಗೆ 90. ಉಳಿಕೆ 20. ಇನ್ನೂರು ಪ್ರತಿ ಮಾರಿದರೆ, ಅದೂ ದುಡ್ಡು ವಾಪಸು ಬಂದರೆ, 4,000 ರೂಪಾಯಿ. ಅರವತ್ತು ಗೌರವ ಪ್ರತಿಗೆ 5,400 ರೂಪಾಯಿ. ಉಪ್ಪಿಟ್ಟಿಗೆ ನೀರು ಕಾಯುವ ಮೊದಲೇ ಲಾಭ ಋಣಾತ್ಮಕವಾಗಿದೆ.

ಗೌರವ ಪ್ರತಿಯ ವಿಷಯದಲ್ಲಿ ಸರ್ಕಾರವೇ ಮೇಲ್ಪಂಕ್ತಿ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯ ಪ್ರಕಾರ ಪ್ರಕಾಶಕ ತನ್ನ ಖರ್ಚಿನಲ್ಲೇ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಜೊತೆಗೆ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೆ ತಿಂಗಳೊಳಗೆ ಪ್ರತಿ ಕಳಿಸಬೇಕು. ಇದಕ್ಕೆ ತಕರಾರಿಲ್ಲ. ನೂರು ವರ್ಷದ ಮೇಲೆ ಕೋಲ್ಕತ್ತದ ಯಾವುದೋ ಕಪಾಟಿನಲ್ಲಾದರೂ ಪುಸ್ತಕ ಉಳಿದೀತು. ಅಂಚೆಯದ್ದು ಬೇರೆ ಕಥೆ. ಅಗ್ಗದ ದರದಲ್ಲಿ ಪುಸ್ತಕ ತಲುಪಿಸುತ್ತಿದ್ದ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಮುಂದಿನ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಎಂಬ ಹೊಸ ಸೇವೆ ಬಂತು. ಹಿಟ್ಟಿನ ಗಿರಣಿಯ ಕಥೆ ಹೇಳುವ ಕಾದಂಬರಿ ಜ್ಞಾನವೋ ಅಲ್ಲವೋ ಎಂಬ ಜ್ಞಾನಮೀಮಾಂಸೆಯನ್ನು ಈಗ ಅಂಚೆ ಕೌಂಟರಿನಲ್ಲಿ ನಿಂತು ಬಿಡಿಸಬೇಕು.

ಗ್ರಂಥಾಲಯಗಳ ಮಾತೂ ಇಲ್ಲೇ ಆಗಿಬಿಡಲಿ. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆ ಇದೆ. ಮನೆ ಕಂದಾಯದ ಜೊತೆ ನಾವು ನೀವು ಎಲ್ಲರೂ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಕಂದಾಯದ ರಸೀದಿ ತೆಗೆದು ನೋಡಿ, ಅದರಲ್ಲೇ ಇದೆ. ಸಂಗ್ರಹವಾದ ಆ ಹಣವನ್ನು ಸ್ಥಳೀಯ ಸಂಸ್ಥೆಗಳು ಪೂರ್ತಿ ದಾಟಿಸದೆ ಬಾಕಿ ಉಳಿಸಿಕೊಳ್ಳುವುದು ಹಳೆಯ ಸುದ್ದಿ. ಓದುಗ ಪುಸ್ತಕಕ್ಕೆಂದೇ ಕೊಟ್ಟ ದುಡ್ಡು ಪುಸ್ತಕದ ಹತ್ತಿರ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ಅಂದರೆ ಕನ್ನಡಿಗರು ಪುಸ್ತಕಕ್ಕೆ ದುಡ್ಡು ಕೊಡುವುದಿಲ್ಲ ಎಂಬ ದೂರು ಸುಳ್ಳು. ಕೊಟ್ಟಿದ್ದಾರೆ.

ಅಧ್ಯಾಯ 5: ಲೋಕಾರ್ಪಣೆಯ ಆಚರಣಾತ್ಮಕ ಸಂರಚನೆ

ಭಾನುವಾರ ಬೆಳಗ್ಗೆ ಹತ್ತೂವರೆ ಎಂದು ಕರೆಯೋಲೆಯಲ್ಲಿರುತ್ತದೆ. ಹತ್ತೂವರೆಗೆ ಸಭಾಂಗಣದಲ್ಲಿ ಲೇಖಕ, ಮೈಕಿನವನು ಮತ್ತು ಉಪ್ಪಿಟ್ಟು ಇರುತ್ತಾರೆ. ಹನ್ನೊಂದಕ್ಕೆ ಲೇಖಕನ ಭಾವಮೈದುನನ ಕುಟುಂಬ ಬರುತ್ತದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ. ಬಣ್ಣದ ಕಾಗದ ಸುತ್ತಿದ ಪುಸ್ತಕಗಳು ತಟ್ಟೆಯಲ್ಲಿ ಬರುತ್ತವೆ. ಅದಕ್ಕೆ ಯಾರೋ ಸೆಲ್ಲೋಟೇಪನ್ನು ನಾಲ್ಕೂ ಕಡೆ ಅಂಟಿಸಿರುತ್ತಾರೆ, ಕತ್ತರಿ ತಂದಿರುವುದಿಲ್ಲ. ಮುಖ್ಯ ಅತಿಥಿಗಳು ಮೊದಲು ಉಗುರಿನಿಂದ, ಆಮೇಲೆ ಹಲ್ಲಿನಿಂದ ಪ್ರಯತ್ನಿಸುತ್ತಾರೆ. ಕೊನೆಗೆ ಎಲ್ಲರೂ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು ಫೋಟೊಗ್ರಾಫರನ ಕಡೆ ನಗುತ್ತಾರೆ. ಒಬ್ಬರದು ತಲೆಕೆಳಗಾಗಿರುತ್ತದೆ.

ಪ್ರಸ್ತುತ ಸಂಶೋಧಕನ ಕಾದಂಬರಿಯನ್ನು ಕುರಿತು ಮಾತನಾಡಿದ ವಿದ್ವಾಂಸರು ಹೇಳಿದ್ದಿಷ್ಟು: “ಈ ಕೃತಿಯು ವಸಾಹತೋತ್ತರ ಆಧುನಿಕತೆಯ ಬಿಕ್ಕಟ್ಟುಗಳಿಗೆ ದೇಸಿ ಕಥನದ ಮೂಲಕ ಎದುರಾಗುತ್ತಾ, ಕೇಂದ್ರ ಮತ್ತು ಪರಿಧಿಗಳ ನಡುವಿನ ಯಜಮಾನಿಕೆಯ ಸಂಕಥನವನ್ನು ನಿರಚನಗೊಳಿಸುವ ಒಂದು ಪಠ್ಯವಾಗಿ ನಮ್ಮ ಗ್ರಹಿಕೆಗೆ ದಕ್ಕುತ್ತದೆ.”

ಕಾದಂಬರಿ ಇರುವುದು ಒಂದು ಹಿಟ್ಟಿನ ಗಿರಣಿಯ ಬಗ್ಗೆ. ಗಂಡ ತೀರಿಕೊಂಡ ಪಾರ್ವತಿ ಅದನ್ನು ನಡೆಸುತ್ತಾಳೆ. ಪಕ್ಕದಲ್ಲಿ ಪ್ಯಾಕೆಟ್ ಹಿಟ್ಟಿನ ಅಂಗಡಿ ಬರುತ್ತದೆ. ಅವಳು ಗಿರಣಿ ಮಾರುತ್ತಾಳೋ ಇಲ್ಲವೋ ಎಂಬುದೇ ಕಥೆ.

ಇಲ್ಲೊಂದು ಆಕರಸಂಬಂಧಿ ಸಂಗತಿಯನ್ನು ದಾಖಲಿಸಬೇಕು. ಆ ಮುದ್ರಣದ ಕೆಲವು ಪ್ರತಿಗಳಲ್ಲಿ ಬೈಂಡಿಂಗ್ ಎಡವಟ್ಟಾಗಿತ್ತು. ಏಳನೆಯ ಫಾರಂ ಎರಡು ಸಲ ಸೇರಿ ಎಂಟನೆಯದು ಬಿಟ್ಟುಹೋಗಿತ್ತು. ಅಂದರೆ 97ರಿಂದ 112ರ ಪುಟಗಳು ಮುಗಿದಮೇಲೆ ಮತ್ತೆ 97ರಿಂದ 112 ಬರುತ್ತವೆ, ಅಲ್ಲಿಂದ ನೇರ 129ಕ್ಕೆ ನೆಗೆತ. ಪಾರ್ವತಿ ಗಿರಣಿಯ ಬಗ್ಗೆ ತೀರ್ಮಾನ ಮಾಡುವುದು ಆ ಬಿಟ್ಟುಹೋದ ಹದಿನಾರು ಪುಟಗಳಲ್ಲಿ. ವೇದಿಕೆಗೆ ಹೋದ ಪ್ರತಿಗಳು ಅವೇ. ವಿದ್ವಾಂಸರು ನಲವತ್ತು ನಿಮಿಷ ಮಾತನಾಡಿದರು, ಈ ಬಗ್ಗೆ ಒಂದು ಮಾತಿಲ್ಲ. ಹೋಗಲಿ, ಓದಲು ಪುರುಸೊತ್ತಿರಲಿಲ್ಲ ಎಂದುಕೊಳ್ಳಬಹುದು. ಮುಂದೆ ಇನ್ನೊಬ್ಬರು ಅದೇ ಬಗೆಯ ಪ್ರತಿ ಓದಿ ಲೇಖನವನ್ನೇ ಬರೆದರು. ಓದಿದ್ದರು, ಅದರಲ್ಲಿ ಸಂಶಯವಿಲ್ಲ. ‘ಘಟನೆಗಳನ್ನು ಯಥಾವತ್ತಾಗಿ ಪುನರಾವರ್ತಿಸುವ ಮೂಲಕ ಲೇಖಕರು ಕಾಲದ ರೇಖಾತ್ಮಕತೆಯನ್ನು ಭಗ್ನಗೊಳಿಸುತ್ತಾರೆ, ನಿರ್ಣಾಯಕ ಕ್ಷಣವನ್ನು ಪಠ್ಯದಿಂದ ಹೊರಗಿಟ್ಟು ಮೌನದ ರಾಜಕಾರಣವನ್ನು ಮುನ್ನೆಲೆಗೆ ತರುತ್ತಾರೆ’ ಎಂದು ಬರೆದಿದ್ದರು. ಪುಟಸಂಖ್ಯೆ ನೋಡುವುದು ಆಧುನಿಕೋತ್ತರ ವಿಮರ್ಶೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ತೋರುತ್ತದೆ. ಆ ಲೇಖನ ಬಂದಮೇಲೆ ಪ್ರಸ್ತುತ ಸಂಶೋಧಕನನ್ನು ಪ್ರಯೋಗಶೀಲ ಎಂದು ಕರೆಯತೊಡಗಿದ್ದಾರೆ.

ಅಧ್ಯಾಯ 6

ಈ ಅಧ್ಯಾಯ ಬೈಂಡಿಂಗಿನಲ್ಲಿ ಬಿಟ್ಟುಹೋಗಿದೆ. ವಿದ್ವಾಂಸರಿಗೆ ಇದರಿಂದ ತೊಂದರೆಯಾಗಲಾರದು.

ಅಧ್ಯಾಯ 7: ಪಿಡಿಎಫ್ ಪ್ರಾರ್ಥನೆಯ ಸಂಕಥನ

ವಾಟ್ಸಾಪಿನಲ್ಲಿ ಬರುವ ಈ ಪಠ್ಯಪ್ರಕಾರದ ಮಾದರಿ ಹೀಗಿದೆ: “ನಮಸ್ಕಾರ ಸರ್. ತಮ್ಮ ಕೃತಿಯ ಕುರಿತು ರಾಷ್ಟ್ರೀಯ ವಿಚಾರ ಸಂಕಿರಣದಲ್ಲಿ ಪ್ರಬಂಧ ಮಂಡಿಸುತ್ತಿದ್ದೇನೆ. ನಾಳೆ ಸಂಜೆಯೊಳಗೆ ಪಿಡಿಎಫ್ ಕಳಿಸಿದರೆ ಅನುಕೂಲ. ಇಲ್ಲದಿದ್ದರೆ ಸಾರಾಂಶವಾದರೂ ಸಾಕು.”

ಇದರ ಸಂರಚನೆಯನ್ನು ವಿಶ್ಲೇಷಿಸಬೇಕೆಂದು ಕೂತೆ. ಇಲ್ಲಿಂದ ಮುಂದೆ ‘ಪ್ರಸ್ತುತ ಸಂಶೋಧಕ’ ಎಂದು ಬರೆಯಲು ಕೈ ಬರುತ್ತಿಲ್ಲ, ನಾನು ಎಂದೇ ಬರೆಯುತ್ತೇನೆ.

ಸಂಕಿರಣಕ್ಕೆ ನೋಂದಣಿ ಶುಲ್ಕ ಕಟ್ಟುತ್ತೀರಿ. ಹೋಗಿಬರಲು ಖರ್ಚು ಮಾಡುತ್ತೀರಿ. ಪ್ರಬಂಧಗಳ ಸಂಪುಟಕ್ಕೆ ಐಎಸ್‌ಬಿಎನ್ ಇದೆಯೋ ಇಲ್ಲವೋ ಎಂದು ನಾಲ್ಕು ಸಲ ವಿಚಾರಿಸುತ್ತೀರಿ, ಬಡ್ತಿಯ ಅಂಕಕ್ಕೆ ಬೇಕಲ್ಲ. ಇದೆಲ್ಲಕ್ಕೂ ದುಡ್ಡಿದೆ. 220 ರೂಪಾಯಿಯ ಪುಸ್ತಕಕ್ಕೆ ಮಾತ್ರ ಇಲ್ಲ. ಕನ್ನಡ ಓದಿಸುವುದಕ್ಕೆಂದೇ ತಿಂಗಳು ತಿಂಗಳು ಸಂಬಳ ಎಣಿಸುವವರು ವರ್ಷಕ್ಕೆ ಎರಡು ಕನ್ನಡ ಪುಸ್ತಕವನ್ನು ದುಡ್ಡು ಕೊಟ್ಟು ಕೊಳ್ಳಲಾರರೇ? ಅತಿಥಿ ಉಪನ್ಯಾಸಕರನ್ನು ಈ ಮಾತಿನಿಂದ ಹೊರಗಿಡುತ್ತೇನೆ. ಅವರ ಗತಿ ನನಗಿಂತ ಕಷ್ಟದ್ದು, ಆದರೂ ಪುಸ್ತಕ ಕೊಳ್ಳುವವರಲ್ಲಿ ಅವರೇ ಹೆಚ್ಚು. ನಾನು ಹೇಳುತ್ತಿರುವುದು ಗೌರವ ಪ್ರತಿ ಬರಲಿಲ್ಲವೆಂದು ಮುನಿಸಿಕೊಳ್ಳುವವರ ವಿಷಯ. ಆ ಪುಸ್ತಕವನ್ನು ಒಬ್ಬ ಮನುಷ್ಯ ಬೆಳಗಿನ ನಾಲ್ಕಕ್ಕೆ ಎದ್ದು ಬರೆದಿದ್ದಾನೆ, ಹೆಂಡತಿಯ ಚೀಟಿ ದುಡ್ಡಿನಲ್ಲಿ ಅಚ್ಚು ಹಾಕಿಸಿದ್ದಾನೆ, ಹೊತ್ತು ತಂದಿದ್ದಾನೆ. ಅವನ ಬಗ್ಗೆ ಸಂಕಥನ, ನಿರಚನ ಎಂದೆಲ್ಲ ಬರೆಯುವ ಮೊದಲು ಅವನ ಪುಸ್ತಕದಲ್ಲಿ ಎಷ್ಟು ಪುಟ ಇವೆ ಎಂದು ಎಣಿಸಿ. ಅದಕ್ಕೆ ಯಾವ ಸಿದ್ಧಾಂತವೂ ಬೇಡ.

ಈ ನುಡಿಗಟ್ಟುಗಳ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆಂದರೆ ಅವು ಓದಿನ ಜಾಗದಲ್ಲಿ ಬಂದು ಕೂತಿವೆ. ಒಳ್ಳೆಯ ವಿಮರ್ಶೆ ನಮ್ಮಲ್ಲಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಬೈದರೂ ಅದು ಪುಸ್ತಕವನ್ನು ಓದಿ ಬೈಯುತ್ತದೆ. ನನಗೆ ಹಾಗೆ ಬೈಸಿಕೊಳ್ಳುವ ಆಸೆಯೂ ಇದೆ.

ಬಿಡುಗಡೆಯಾಗಿ ಕೆಲವು ತಿಂಗಳ ಮೇಲೆ ಗದಗ ಜಿಲ್ಲೆಯ ಒಂದು ಹಳ್ಳಿಯಿಂದ ಫೋನು ಬಂತು. ದನಿ ಹೆಂಗಸಿನದು, ಹಿಂದೆ ಮಿಕ್ಸಿಯ ಸದ್ದು.

“ಗಿರಣಿ ಕಾದಂಬರಿ ಬರದಾವ್ರು ನೀವೇನ್ರಿ?”

“ಹೌದಮ್ಮಾ.”

“ನಿಮ್ಮ ಪುಸ್ತಕದಾಗ ತೊಂಬತ್ತೇಳನೇ ಪುಟ ಮತ್ತ ಬಂದೈತ್ರಿ. ನಡುವ ಹದಿನಾರು ಪುಟ ಇಲ್ಲ. ಆಕಿ ಗಿರಣಿ ಮಾರಿದ್ಲೋ ಇಲ್ಲೋ?”

ನಾನು ಕ್ಷಮೆ ಕೇಳಿ, ಬೇರೆ ಪ್ರತಿ ಕಳಿಸುತ್ತೇನೆ ಎಂದೆ.

“ಕಳಸೂದು ಕಳಸ್ರಿ, ಮೊದ್ಲ ಹೇಳ್ರಿ, ಮಾರಿದ್ಲೇನು?”

ಹೇಳಿದೆ. ಅವರು ಒಂದಿಷ್ಟು ಹೊತ್ತು ಸುಮ್ಮನಿದ್ದು, “ತಪ್ಪು ಮಾಡಿದ್ಲು ಬಿಡ್ರಿ” ಎಂದರು. ಆಮೇಲೆ ಮೋಟಾರಿನ ಅಶ್ವಶಕ್ತಿ, ಕಲ್ಲು ಕುಟ್ಟಿಸುವ ಖರ್ಚು, ಜೋಳಕ್ಕೂ ಗೋಧಿಗೂ ಬೀಸುವ ದರದ ವ್ಯತ್ಯಾಸ ಎಲ್ಲ ಲೆಕ್ಕ ಹಾಕಿ, ಪಾರ್ವತಿ ಇನ್ನೂ ಎರಡು ವರ್ಷ ಹೇಗೆ ತಳ್ಳಬಹುದಿತ್ತು ಎಂದು ವಿವರಿಸಿದರು. ನನ್ನ ಕಾದಂಬರಿಗೆ ಬಂದ ವಿಮರ್ಶೆಗಳಲ್ಲಿ ನನ್ನನ್ನು ನಿಜಕ್ಕೂ ಕಂಗೆಡಿಸಿದ್ದು ಅದು. ಹೊಸ ಪ್ರತಿ ತಲುಪಿದಮೇಲೆ ಅಂಚೆ ಖರ್ಚೆಂದು ಬೇಡವೆಂದರೂ 50 ರೂಪಾಯಿ ಹಾಕಿದರು.

ಆಕೆ ಒಬ್ಬರಿರುವುದಕ್ಕೆ ಎರಡನೆಯ ಕಾದಂಬರಿ ಬರೆದಿದ್ದೇನೆ. ಅದೂ ಸ್ವಂತ ಪ್ರಕಟಣೆಯೇ. ಈ ಸಲ ಪ್ರತಿ ಬಂಡಲನ್ನೂ ಬಿಚ್ಚಿ ಫಾರಂ ಎಣಿಸಿ ನೋಡಿದ್ದೇನೆ, ಪುಟಗಳೆಲ್ಲ ಸರಿಯಾಗಿವೆ. ಬೆಲೆ 240 ರೂಪಾಯಿ, ಅಂಚೆ ವೆಚ್ಚ ಬೇರೆ. ಪಿಡಿಎಫ್ ಇಲ್ಲ. ಗೌರವ ಪ್ರತಿಗಳೂ ಇಲ್ಲ. ಸಂಶೋಧಕರಿಗೂ ಅದೇ ಬೆಲೆ.